ಡ್ರೆಸ್ಸಿಂಗ್ ರೂಮಿನ ಕ್ಯಾಮೆರಾ, ಯಜಮಾನನ ಕತ್ತರಿ

ಆರ್‌ಸಿಬಿಯ ‘ಬೋಲ್ಡ್ ಡೈರೀಸ್’ ವಿಡಿಯೊಗಳಿಗೆ ಮೈಸೂರಿನ ಹಾಸ್ಟೆಲ್‌ಗಳಲ್ಲಿ ಪಂದ್ಯಕ್ಕಿರುವಷ್ಟೇ ಅಭಿಮಾನಿಗಳಿದ್ದಾರೆ. ಆಟಗಾರರ ತಮಾಷೆ, ನೆಟ್ಸ್‌ನ ಬೆವರು, ಗೆದ್ದ ರಾತ್ರಿಯ ಕುಣಿತ ಯಾವುದೂ ನಟನೆಯಲ್ಲ. ಆದರೆ ದೃಶ್ಯ ನಿಜವಾದ ಮಾತ್ರಕ್ಕೆ ಚಿತ್ರ ಸತ್ಯವಾಗುವುದಿಲ್ಲ. ತಂಡದ ಒಳಗಿನ ಕಥೆ ಹೇಳುವ ಸಾಕ್ಷ್ಯಚಿತ್ರವನ್ನು ಅಳೆಯಬೇಕಾದದ್ದು ಕ್ಯಾಮೆರಾ ಎಷ್ಟು ಒಳಗೆ ಹೋಯಿತು ಎಂಬುದರಿಂದಲ್ಲ, ಸಂಕಲನದ ಕತ್ತರಿ ಯಾರ ಕೈಯಲ್ಲಿತ್ತು ಎಂಬುದರಿಂದ.

ಬೆಟ್ಟಿಂಗ್ ಹಗರಣದಿಂದಾಗಿ ಎರಡು ವರ್ಷ ಅಮಾನತಾಗಿದ್ದ ಚೆನ್ನೈ ಸೂಪರ್ ಕಿಂಗ್ಸ್ 2018ರಲ್ಲಿ ಮರಳಿ ಬಂದು ಕಪ್ ಗೆದ್ದಿತು. ಹಾಟ್‌ಸ್ಟಾರ್‌ನ ‘ರೋರ್ ಆಫ್ ದಿ ಲಯನ್’ (2019) ಆ ಕಥೆ ಹೇಳುತ್ತದೆ. ಅದರಲ್ಲಿ ಧೋನಿ ತೋಡಿಕೊಳ್ಳುವ ನೋವು ನಂಬುವಂಥದ್ದೇ. ಆದರೆ ಧೋನಿ ಎಂಟರ್‌ಟೈನ್‌ಮೆಂಟ್ ಸಂಸ್ಥೆಯೇ ಅದರ ನಿರ್ಮಾಪಕರಲ್ಲಿ ಒಂದು. ಆರೋಪ ಹೊತ್ತ ಮನೆಯವರೇ ಪಂಚಾಯಿತಿ ಸೇರಿಸಿದರೆ ಪಾಟೀಸವಾಲು ಹಾಕುವವರು ಯಾರು?

ಚೆಂಡು ವಿರೂಪ ಹಗರಣದ ನಂತರದ ಆಸ್ಟ್ರೇಲಿಯಾ ತಂಡವನ್ನು ಹಿಂಬಾಲಿಸಿದ ‘ದಿ ಟೆಸ್ಟ್’ (2020) ಕೂಡ ಕ್ರಿಕೆಟ್ ಆಸ್ಟ್ರೇಲಿಯಾದ ಸಹಕಾರದಿಂದಲೇ ಆದದ್ದು. ಆದರೂ ಅದರಲ್ಲಿ ಕೆಲವು ಗಟ್ಟಿ ಕ್ಷಣಗಳು ಉಳಿದಿವೆ. ಹುಡುಗರು ನಿಮಗೆ ಹೆದರುತ್ತಾರೆ ಎಂದು ಉಸ್ಮಾನ್ ಖವಾಜಾ ಕೋಚ್ ಜಸ್ಟಿನ್ ಲ್ಯಾಂಗರ್‌ಗೆ ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ. 2019ರಲ್ಲಿ ಹೆಡಿಂಗ್ಲಿ ಟೆಸ್ಟನ್ನು ಬೆನ್ ಸ್ಟೋಕ್ಸ್ ಕಸಿದುಕೊಂಡ ಮೇಲೆ, ಅದೇ ಕೊನೆಯ ಗಳಿಗೆಗಳನ್ನು ಲ್ಯಾಂಗರ್ ಇಡೀ ತಂಡವನ್ನು ಕೂರಿಸಿ ತೋರಿಸುತ್ತಾರೆ. ರನ್‌ಔಟ್ ಅವಕಾಶ ಕೈಚೆಲ್ಲಿದ ನೇಥನ್ ಲಯನ್ ಕೂಡ ಅದನ್ನು ನೋಡಬೇಕು. 2022ರ ಫೆಬ್ರುವರಿಯಲ್ಲಿ ಲ್ಯಾಂಗರ್ ರಾಜೀನಾಮೆ ಕೊಟ್ಟಾಗ, ಖವಾಜಾ ಮಾತಿನ ತೂಕ ಎಲ್ಲರಿಗೂ ತಿಳಿಯಿತು. ತಂಡಕ್ಕೆ ಮುಜುಗರ ತರುವ ದೃಶ್ಯ ಕತ್ತರಿಗೆ ಸಿಗದೆ ಉಳಿದರೆ ಮಾತ್ರ ಇಂಥ ಚಿತ್ರಕ್ಕೆ ಬೆಲೆ.

ನಮ್ಮದೇ ತಂಡಕ್ಕೆ ಈ ಪರೀಕ್ಷೆ ಎದುರಾದದ್ದು 2025ರಲ್ಲಿ. ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಐಪಿಎಲ್ ಕಪ್ ಎತ್ತಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಆಮೇಲೆ ಸುಮಾರು ಮೂರು ತಿಂಗಳು ತಂಡದ ಸಾಮಾಜಿಕ ಜಾಲತಾಣ ಖಾತೆಗಳು ಮೌನವಾಗಿದ್ದವು. ಆ ಮೌನದಲ್ಲಿ ದುಃಖವಿತ್ತು ಎಂದೇ ನಂಬುತ್ತೇನೆ. ಆದರೆ ಸಂಭ್ರಮವನ್ನು ಅಷ್ಟು ಹತ್ತಿರದಿಂದ ತೋರಿಸುವ ಕ್ಯಾಮೆರಾದಿಂದ, ಗೇಟಿನ ಬಳಿ ತಪ್ಪಿದ್ದೆಲ್ಲಿ ಎಂಬ ಉತ್ತರ ಬರಲಾರದು. ಅದಕ್ಕೆ ಕಾಲ್ತುಳಿತದ ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವೇ ಬೇಕಾಯಿತು.

ಕತ್ತರಿ ತಂಡದ ಕೈಯಲ್ಲೇ ಉಳಿಯುವ ಈ ಸಮಸ್ಯೆಗೆ ಪರಿಹಾರ ಮೈಸೂರಿನಲ್ಲೇ ಇದೆ. 2024ರಲ್ಲಿ ಕರುಣ್ ನಾಯರ್ ನಾಯಕತ್ವದ ಮೈಸೂರು ವಾರಿಯರ್ಸ್ ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿ ಗೆದ್ದಿತು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಆ ಆಟಗಾರ ಅಷ್ಟರಲ್ಲಾಗಲೇ ಕರ್ನಾಟಕ ಬಿಟ್ಟು ವಿದರ್ಭ ಸೇರಿದ್ದರು. ಕಪ್ಪಿನ ಜೊತೆಗೆ ಆ ವಲಸೆಯ ಕಾರಣವನ್ನೂ ಕೇಳುವ ಚಿತ್ರ ನಮಗೆ ಬೇಕು. ಮಾನಸಗಂಗೋತ್ರಿಯಲ್ಲಿ ಕ್ರಿಕೆಟ್ ಮೈದಾನವೂ ಇದೆ, ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿಭಾಗವೂ ಇದೆ. ಆ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಋತುವಿನ ಮಟ್ಟಿಗೆ ವಾರಿಯರ್ಸ್ ಡ್ರೆಸ್ಸಿಂಗ್ ರೂಮಿನ ಬಾಗಿಲು ತೆರೆಯಲಿ. ಕರಾರಿನಲ್ಲಿ ಒಂದೇ ಷರತ್ತಿರಲಿ: ಚಿತ್ರವನ್ನು ತಂಡ ಮೊದಲೇ ನೋಡಬಹುದು, ಆದರೆ ಒಂದು ದೃಶ್ಯವನ್ನೂ ತೆಗೆಸುವಂತಿಲ್ಲ. ಇದಕ್ಕೆ ಒಪ್ಪಿ ಸಹಿ ಹಾಕುವ ತಂಡ ಸೋತರೂ ಅದರ ಚಿತ್ರವನ್ನು ನಾವು ನಂಬಬಹುದು.