ಈಸೂರಿನ ಹುಡುಗ ಅಮಲ್ದಾರ

1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮೂರು ಸ್ವತಂತ್ರವಾಯಿತೆಂದು ಸಾರಿ ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದರು. ತಮ್ಮದೇ ಸರ್ಕಾರ ಕಟ್ಟಿ, ಒಬ್ಬ ಹುಡುಗನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ಕೂರಿಸಿದರು. ಹುಡುಗರೇ ಏಕೆ? ಎಳೆಯರನ್ನು ಜೈಲಿಗೆ ಹಾಕುವುದು ಸುಲಭವಲ್ಲ ಎಂಬ ಲೆಕ್ಕಾಚಾರ. ಅದೇ ತಿಂಗಳ 28ರಂದು ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪೊಲೀಸರನ್ನು ಕರೆದುಕೊಂಡು ಬಂದರು. ಗಾಂಧಿ ಟೋಪಿಯಿಂದ ಶುರುವಾದ ಜಟಾಪಟಿ ಲಾಠಿ, ಗುಂಡಿನವರೆಗೂ ಹೋಗಿ ಆ ಇಬ್ಬರೂ ಪ್ರಾಣ ಕಳೆದುಕೊಂಡರು. ಇದಕ್ಕಾಗಿ 1943ರ ಮಾರ್ಚಿನಲ್ಲಿ ಊರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು.

ಇದು ನಮ್ಮ ಕಡೆಯ ಮಕ್ಕಳೆಲ್ಲ ಕೇಳಿ ಬೆಳೆದ ಇತಿಹಾಸ. ಕತೆ ಬರೆಯುವವನಾಗಿ ನನ್ನನ್ನು ಕಾಡುವುದು ಆ ಎರಡು ಹುದ್ದೆಗಳು. ಇಲ್ಲದ ರಾಜ್ಯವೊಂದನ್ನು ಊಹಿಸಿಕೊಂಡವರು ಅದಕ್ಕೆ ಕಿರೀಟ, ಸಿಂಹಾಸನ ಊಹಿಸಲಿಲ್ಲ. ದಿನಾ ತಮ್ಮನ್ನು ಕಾಡುತ್ತಿದ್ದ ಕಂದಾಯದ ಕುರ್ಚಿಯನ್ನೂ ಠಾಣೆಯ ಕುರ್ಚಿಯನ್ನೂ ಎತ್ತಿಕೊಂಡು ಅವುಗಳ ಮೇಲೆ ಮಕ್ಕಳನ್ನು ಕೂರಿಸಿದರು. ‘ಹೀಗಾದರೆ?’ ಎಂದು ಕೇಳುವ ಸಾಹಿತ್ಯಕ್ಕೆ, ಅಂದರೆ ವೈಜ್ಞಾನಿಕ ಕತೆ, ಫ್ಯಾಂಟಸಿ, ಬೇರೆ ದಾರಿ ಹಿಡಿದ ಇತಿಹಾಸ ಇವಕ್ಕೆಲ್ಲ, ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕನ್ನಡದ ಇಂಥ ಬರವಣಿಗೆ ಈ ಪಾಠವನ್ನು ಕಲಿಯಲಿಲ್ಲ ಎನ್ನುವುದೇ ನನ್ನ ತಕರಾರು.

ರಾಜಶೇಖರ ಭೂಸನೂರಮಠರ ಬಗ್ಗೆ ನನಗೆ ಗೌರವವಿದೆ. ವೈಜ್ಞಾನಿಕ ಕತೆಯೆಂದರೆ ಮಕ್ಕಳಿಗೆ ಎಂದು ವಿಮರ್ಶಕರು ಪಕ್ಕಕ್ಕೆ ಸರಿಸುತ್ತಿದ್ದ ದಿನಗಳಲ್ಲಿ ಅವರು ಅದನ್ನೇ ಬಾಳಿನ ಕೆಲಸ ಮಾಡಿಕೊಂಡರು. ‘ಮಹಾಸಂಪರ್ಕ’ ಬರೆದ ಮನು ಮಹಾಭಾರತಕ್ಕೂ ಅನ್ಯಲೋಕದವರಿಗೂ ನಂಟು ಕಲ್ಪಿಸಿ ಓದುಗರನ್ನು ಹಿಡಿದು ನಿಲ್ಲಿಸಿದರು. ಇವರು ಬಾಗಿಲು ತೆರೆದರು. ಆದರೆ ಆ ಬಾಗಿಲಿನಿಂದ ಆಮೇಲೆ ಬಂದ ಎಷ್ಟೋ ಕತೆಗಳಲ್ಲಿ ಊರೇ ಇಲ್ಲ. ಒಬ್ಬ ವಿಜ್ಞಾನಿ ಇದ್ದಾನೆ, ಅವನಿಗೊಂದು ಪ್ರಯೋಗಶಾಲೆ ಇದೆ, ಅವನು ಪಾಠ ಹೇಳುತ್ತಾನೆ. ಪ್ರಯೋಗಶಾಲೆಯ ನೆಲ ಗುಡಿಸುವವಳು ಯಾವ ಊರಿನಿಂದ ಬರುತ್ತಾಳೆ, ಆಕಾಶನೌಕೆ ಇಳಿದ ಗದ್ದೆ ಯಾರದು, ಬೆಳೆ ಹಾಳಾದದ್ದಕ್ಕೆ ಪರಿಹಾರ ಕೇಳಲು ಆ ಗದ್ದೆಯವನು ಯಾವ ಕಚೇರಿಗೆ ಹೋದ, ಇದನ್ನು ಕೇಳುವವರಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಕಾದಂಬರಿಯನ್ನು ಡಿಟಿಪಿಯಿಂದ ಹಿಡಿದು ಮುಖಪುಟದವರೆಗೆ ನಾನೇ ಮಾಡಿಸಿ 500 ಪ್ರತಿ ಅಚ್ಚು ಹಾಕಿಸಿದೆ. ಶಿಕಾರಿಪುರದಲ್ಲಿ ಒಂದು ಪ್ರತಿ ಕೊಂಡ ಹಿರಿಯರೊಬ್ಬರು ತಿಂಗಳಾದ ಮೇಲೆ ಸಿಕ್ಕಿ, ‘ಮಧ್ಯೆ ಹತ್ತು ಪುಟ ಯಂತ್ರದ ವಿಚಾರ ಬಂತಲ್ಲ ತಮ್ಮಾ, ಅಷ್ಟು ಬಿಟ್ಟು ಓದಿದೆ. ಕತೆ ಎಲ್ಲೂ ತಪ್ಪಲಿಲ್ಲ’ ಎಂದರು. ಕಾಲಯಂತ್ರ ಹೇಗೆ ನಡೆಯುತ್ತದೆಂದು ನಾನು ಮೂರು ತಿಂಗಳು ಕೂತು ಬರೆದ ಪುಟಗಳು ಅವು. ಪ್ರಕಾಶಕರಿಲ್ಲದೆ ಬರೆಯುವವನಿಗೆ ದುಡ್ಡಿಗಿಂತ ದೊಡ್ಡ ನಷ್ಟ ಸಂಪಾದಕನದು. ಹತ್ತು ಪುಟ ತೆಗೆದುಹಾಕು ಎನ್ನುವವರು ಅಚ್ಚಿಗೆ ಮೊದಲೇ ಸಿಗಬೇಕು.

ವಿವರಿಸದೆ ತೋರಿಸುವ ವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮನ ಊರು. ಅಲ್ಲಮ, ಗೋರಕ್ಷರ ಮುಖಾಮುಖಿಯ ಪ್ರಸಂಗವನ್ನು ನೆನಪಿಸಿಕೊಳ್ಳಿ. ಸಿದ್ಧಿಯಿಂದ ವಜ್ರದಂತಾದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದು. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ತಡೆಯೂ ಇಲ್ಲ, ಸದ್ದೂ ಇಲ್ಲ, ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಎರಡು ಮೈ, ಒಂದು ಕತ್ತಿ, ಒಂದು ಸದ್ದು. ಯೋಗಕ್ಕೂ ಬಯಲಿಗೂ ಇರುವ ಅಂತರವಷ್ಟೂ ಅದರೊಳಗೆ ಬಂದುಬಿಟ್ಟಿತು. ಇದನ್ನು ಭಕ್ತಿಯ ಕಪಾಟಿನಲ್ಲಿಟ್ಟು ಕೈಮುಗಿದೆವೇ ಹೊರತು ಕತೆ ಕಟ್ಟುವ ಕಸುಬಾಗಿ ಓದಲಿಲ್ಲ. ಪುರಾಣದಲ್ಲೇ ವಿಮಾನವಿತ್ತು ಎಂದು ವಾದಿಸುವ ಕತೆಗಳು ಬೇಕಾದಷ್ಟು ಬಂದವು. ಅವು ಪುರಾಣದಿಂದ ಸಾಮಾನು ತಂದವು, ಕೈಚಳಕ ತರಲಿಲ್ಲ.

ಆ ಕೈಚಳಕ ಇದ್ದದ್ದು ತೇಜಸ್ವಿಯವರಲ್ಲಿ. 1980ರ ‘ಕರ್ವಾಲೊ’ವನ್ನು ಸಾಮಾನ್ಯವಾಗಿ ಯಾರೂ ವೈಜ್ಞಾನಿಕ ಕಾದಂಬರಿಗಳ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ನಾನು ನಿಲ್ಲಿಸುತ್ತೇನೆ, ಮೊದಲನೆಯದಾಗಿ. ಕೋಟ್ಯಂತರ ವರ್ಷಗಳ ಜೀವವಿಕಾಸದ ಗುಟ್ಟು ಹೊತ್ತ ಹಾರುವ ಓತಿಯ ಕಡೆಗೆ ಹೊರಟ ಕತೆ ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗುತ್ತದೆ. ವಿಜ್ಞಾನಿಗೆ ದಾರಿ ತೋರಿಸುವವನು ಮಂದಣ್ಣ, ಅವನ ತಲೆ ತುಂಬ ಮದುವೆಯ ಚಿಂತೆ. ಬಿರಿಯಾನಿ ಕರಿಯಪ್ಪನೂ ಇದ್ದಾನೆ, ಕಿವಿ ಎಂಬ ನಾಯಿಯೂ ಇದೆ. ಇಷ್ಟೆಲ್ಲ ಗಟ್ಟಿ ನೆಲವನ್ನು ಮೊದಲು ತುಳಿಸಿದ್ದರಿಂದಲೇ ಕೊನೆಗೆ ಓತಿ ಕಣಿವೆಯತ್ತ ತೇಲಿಹೋದಾಗ ನಮ್ಮ ಕಾಲಡಿಯ ನೆಲವೂ ಜಾರಿದಂತಾಗುತ್ತದೆ.

ಪ್ರಕಾಶಕರಿಲ್ಲದೆ ಸ್ವಂತ ಬಲದ ಮೇಲೆ ನಿಲ್ಲುವುದೂ ನಮಗೆ ಹೊಸದಲ್ಲ. ಈಸೂರು ಎದ್ದ 1942ರಲ್ಲೇ ತೀರಿಕೊಂಡ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯ ಹಾಕಿ ತಮ್ಮ ಪುಸ್ತಕ ತಾವೇ ಅಚ್ಚು ಮಾಡಿದರು. ವಸುಧೇಂದ್ರರು ‘ಛಂದ ಪುಸ್ತಕ’ ಕಟ್ಟಿ ಹೊಸಬರಿಗೂ ಜಾಗ ಕೊಟ್ಟರು. ಈಗ ಬೇಕಾದಷ್ಟೇ ಪ್ರತಿ ಅಚ್ಚು ಮಾಡಿಸಬಹುದು, ಮೊಬೈಲಿಗೇ ಪುಸ್ತಕ ಕಳಿಸಬಹುದು. ಹೊರುವ ಗಂಟು ಹಗುರವಾಗಿದೆ. ಹಾಗಾಗಿ ಪ್ರಕಾಶಕರು ಒಪ್ಪಲಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಕೊರತೆ ಇರುವುದು ಬರೆದದ್ದನ್ನು ತಿದ್ದಿ ತಿದ್ದಿ ಮತ್ತೆ ಬರೆಯುವ ತಾಳ್ಮೆಯಲ್ಲಿ.

ಈಸೂರಿನ ಆ ಅಮಲ್ದಾರ ಹುಡುಗನ ಸರ್ಕಾರ ಮುರಿಯದೆ ಉಳಿದಿದ್ದರೆ? ಮೊದಲ ಸುಗ್ಗಿಯಲ್ಲಿ ಕಂದಾಯ ಎಷ್ಟು, ಅದನ್ನು ಯಾರು ಎಣಿಸುತ್ತಿದ್ದರು? ಪಕ್ಕದ ಊರಿನವರು ಎಮ್ಮೆ ಕಳವಾಯಿತೆಂದು ಯಾವ ಠಾಣೆಗೆ ಬರುತ್ತಿದ್ದರು? ಹುಡುಗನಿಗೆ ಮೀಸೆ ಬಂದ ಮೇಲೆ ಅವನು ಕುರ್ಚಿ ಬಿಡುತ್ತಿದ್ದನೇ? ಶಿಕಾರಿಪುರ, ಸೊರಬದ ಕಡೆಯ ಹುಡುಗ ಹುಡುಗಿಯರೇ, ಇದನ್ನು ಬರೆಯಿರಿ. ಆಕಾಶನೌಕೆ ಇಳಿಸಿದರೂ ಅಡ್ಡಿಯಿಲ್ಲ, ಯಾರ ಗದ್ದೆಯಲ್ಲಿ ಎಂದು ಮಾತ್ರ ಹೇಳಿ. ಅಚ್ಚಿಗೆ ಕೊಡುವ ಮೊದಲು ಒಂದು ಕರಡನ್ನು ನನಗೆ ಕೊಡಿ, ಪೆನ್ಸಿಲ್ ಹಿಡಿದು ಕೂತು ಓದುತ್ತೇನೆ.