ಒಂದೂರಿನ ತೊಟ್ಟಿ, ಲೋಕದ ಲೆಕ್ಕ

ಈ ಸಲದ ಸಂಚಿಕೆಯಲ್ಲಿ ಕೊಳಚೆ ನೀರಿನ ಬಗ್ಗೆ ಮಾತಾಡಿದೆವು. ಕಿವಿಯಲ್ಲಿ ಸಂಖ್ಯೆಗಳು ನಿಲ್ಲೋದಿಲ್ಲ. ಅದಕ್ಕೇ ಒಂದು ಸಂಖ್ಯೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ: 3.2.

ಒಬ್ಬ ಮನುಷ್ಯನ ಪಾಲಿನ ಕೊಳಚೆಯನ್ನು ಶುದ್ಧ ಮಾಡುವಾಗ ಘಟಕದಿಂದ ವರ್ಷಕ್ಕೆ ಎಷ್ಟು ಗ್ರಾಂ ನೈಟ್ರಸ್ ಆಕ್ಸೈಡ್ ಗಾಳಿಗೆ ಸೇರುತ್ತೆ ಅನ್ನುವ ಪ್ರಶ್ನೆಗೆ ಐಪಿಸಿಸಿ ತನ್ನ 2006ರ ಮಾರ್ಗಸೂಚಿಯಲ್ಲಿ ಕೊಟ್ಟ ಉತ್ತರ ಅದು. ದೇಶಗಳು ತಮ್ಮ ಹಸಿರುಮನೆ ಅನಿಲಗಳ ಲೆಕ್ಕ ಬರೆಯುವಾಗ ಮುಂದಿಟ್ಟುಕೊಳ್ಳುವ ಪುಸ್ತಕ ಇದು. ಐದು ಸಂಪುಟ. ಐದನೆಯದು ತ್ಯಾಜ್ಯದ್ದು, ಅದರ ಆರನೇ ಅಧ್ಯಾಯ ಕೊಳಚೆ ನೀರಿನದ್ದು. ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರೋದು ಆ ಅಧ್ಯಾಯವನ್ನೇ. ಯಾರೂ ಓದದ, ಆದರೆ ಎಲ್ಲರೂ ನಂಬುವ ಪಠ್ಯಗಳಿಗೂ ವಿಮರ್ಶಕರು ಬೇಕಲ್ಲವೇ?

ಮೊದಲು ಆ ಅನಿಲ ಎಲ್ಲಿಂದ ಬರುತ್ತೆ ನೋಡಿ. ನಾವು ತಿನ್ನುವ ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನಿನಲ್ಲಿ ಸಾರಜನಕ ಇದೆ. ನೈಟ್ರೋಜನ್ ಅಂತ ನೀವು ಶಾಲೆಯಲ್ಲಿ ಕಲಿತದ್ದೇ ಅದು. ಅದರಲ್ಲಿ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗಿ, ಒಳಚರಂಡಿಯಲ್ಲಿ ಅಮೋನಿಯಾ ಆಗುತ್ತೆ. ಅದನ್ನು ಹಾಗೇ ಹೊಳೆಗೆ ಬಿಟ್ಟರೆ ಮೀನು ಸಾಯುತ್ತವೆ. ಅದಕ್ಕೆ ಘಟಕದ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಸಾಕುತ್ತಾರೆ. ಸಾಕುತ್ತಾರೆ ಅನ್ನೋದೇ ಸರಿಯಾದ ಮಾತು, ಹಸು ಸಾಕಿದ ಹಾಗೆ: ಹೊತ್ತಿಗೆ ಸರಿಯಾಗಿ ಮೇವು, ಗಾಳಿ ಎಲ್ಲ ಕೊಡಬೇಕು. ಒಂದು ಗುಂಪು ಆಮ್ಲಜನಕ ಬಳಸಿ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತೆ. ಇನ್ನೊಂದು ಗುಂಪು ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಆ ನೈಟ್ರೇಟನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಯಾರಿಗೂ ತೊಂದರೆಯಿಲ್ಲದ ನೈಟ್ರೋಜನ್ ಅನಿಲ ಮಾಡಿಬಿಡುತ್ತೆ. ಆ ಇಳಿತದಲ್ಲಿ ಕೊನೆಯ ಮೆಟ್ಟಿಲಿಗೆ ಮುಂಚಿನದು ನೈಟ್ರಸ್ ಆಕ್ಸೈಡ್. ಮೇವು ಸಾಲದಿದ್ದರೆ, ಅಥವಾ ಆಮ್ಲಜನಕ ನುಸುಳಿದರೆ, ಕೆಲಸ ಅಲ್ಲೇ ನಿಂತು ಅನಿಲ ಹಾರಿಹೋಗುತ್ತೆ. ಮೊದಲ ಗುಂಪೂ ಸಾಚಾ ಏನಲ್ಲ. ಗಾಳಿ ಕಡಿಮೆಯಾಗಿ ನೈಟ್ರೈಟ್ ಶೇಖರವಾದರೆ ಅವೂ ಇದನ್ನೇ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಇದರ ಒಂದು ಕಿಲೋ 273 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ.

ಈಗ ಆ 3.2 ಎಲ್ಲಿಂದ ಬಂತು? ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಡರ್ಹಮ್ ಅಂತ ಒಂದು ಊರು, ವಿಶ್ವವಿದ್ಯಾಲಯ ಇರುವ ಸಣ್ಣ ಊರು. ಅಲ್ಲಿನ ಒಂದೇ ಘಟಕದಲ್ಲಿ ಮಾಡಿದ ಅಳತೆ 1995ರಲ್ಲಿ ಪ್ರಕಟವಾಯಿತು. ಆ ಸಂಶೋಧಕರ ಕೆಲಸದಲ್ಲಿ ಕೊರತೆ ಹುಡುಕಬೇಕಾಗಿಲ್ಲ. ಅವರು ತಮ್ಮೂರಿನ ತೊಟ್ಟಿ ಅಳೆದರು, ಅಳೆದದ್ದನ್ನು ಬರೆದರು. ಅದನ್ನು ಲೋಕದ ತೊಟ್ಟಿ ಮಾಡಿದ್ದು ಮಾರ್ಗಸೂಚಿ.

ಮಾರ್ಗಸೂಚಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಸಂಖ್ಯೆಯ ಮೂಲವನ್ನು ಅದು ಮುಚ್ಚಿಡಲಿಲ್ಲ, ಬೇರೆ ದೇಶಗಳ ಅಳತೆ ಸಿಕ್ಕಿಲ್ಲ ಅಂತಲೂ ಬರೆಯಿತು. ಆದರೆ ಅದೇ ಪುಟಗಳಲ್ಲಿ, ಘಟಕದಿಂದ ನೇರವಾಗಿ ಬರುವ ಈ ಅನಿಲ ಸಣ್ಣ ಪಾಲು, ಸಾರಜನಕ ತೆಗೆಯುವ ಸುಧಾರಿತ ಘಟಕಗಳೇ ಹೆಚ್ಚಾಗಿರುವ ದೇಶಗಳಿಗೆ ಮಾತ್ರ ಮುಖ್ಯವಾಗಬಹುದು ಅನ್ನುವ ತೀರ್ಪೂ ಇದೆ. ಡರ್ಹಮ್ ಘಟಕ ಸಾರಜನಕ ತೆಗೆಯಲು ಕಟ್ಟಿದ್ದೇ ಅಲ್ಲ! ಎತ್ತಿನಗಾಡಿಯ ವೇಗ ಅಳೆದು ಲಾರಿಗಳ ಪಟ್ಟಿಗೆ ಬರೆದ ಹಾಗಾಯಿತು. ಅಳತೆ ಇಲ್ಲ ಅನ್ನೋದು ಬೇರೆ, ಇದ್ದರೂ ಅದು ಚಿಕ್ಕದು ಅನ್ನೋದು ಬೇರೆ. ಆ ಅಧ್ಯಾಯದಲ್ಲಿ ಎರಡೂ ಒಂದಾಗಿಹೋಗಿವೆ. ಸಂಖ್ಯೆಯ ಪಕ್ಕದಲ್ಲಿ 2ರಿಂದ 8 ಗ್ರಾಂ ಅಂತ ಒಂದು ವ್ಯಾಪ್ತಿಯನ್ನೂ ಕೊಟ್ಟರು. ಇದಕ್ಕಿಂತ ಆಚೆ ಹೋಗಲ್ಲ ಅನ್ನುವ ಧೈರ್ಯ ಒಂದು ಊರಿನಿಂದ ಬರುತ್ತದೆಯೇ?

ಮುಂದೆ ಬೇರೆಯವರು ಅಳೆದರು. ಹೆಲ್ಸಿಂಕಿಯ ಘಟಕ ಬಂಡೆಯ ಒಳಗೆ ಕೊರೆದು ಕಟ್ಟಿದ್ದು. ಗಾಳಿಯೆಲ್ಲ ಹೊರಗೆ ಹೋಗಲು ಚಿಮಣಿ ದಾರಿಯೇ ಬೇಕು, ಹಾಗಾಗಿ ಅಲ್ಲಿ ಯಾವುದೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಒಳಗೆ ಬಂದ ಸಾರಜನಕದಲ್ಲಿ ಸುಮಾರು 1.9 ಶೇಕಡಾ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತಿತ್ತು. ರಾಟರ್‌ಡ್ಯಾಮ್ ಹತ್ತಿರದ ಮುಚ್ಚಿದ ಘಟಕವೊಂದರಲ್ಲಿ 16 ತಿಂಗಳು ಅಳೆದಾಗ ಸುಮಾರು 2.8 ಶೇಕಡಾ. ಋತುವಿಗೆ ತಕ್ಕಂತೆ ಏರಿಳಿತ ಬೇರೆ. ನಾಲ್ಕು ದಿನ ಅಳೆದು ಬಂದವರಿಗೆ ಇದು ಕಾಣೋದೇ ಇಲ್ಲ.

2019ರ ಮೇ ತಿಂಗಳಲ್ಲಿ ಕ್ಯೋಟೋ ಸಭೆಯಲ್ಲಿ ಐಪಿಸಿಸಿ ಮಾರ್ಗಸೂಚಿಯ ಪರಿಷ್ಕರಣೆ ಒಪ್ಪಿತು. ಹೊಸ ಗುಣಕ: ಒಳಬರುವ ಸಾರಜನಕದ 1.6 ಶೇಕಡಾ. ಒಬ್ಬರಿಂದ ದಿನಕ್ಕೆ 12 ಗ್ರಾಂ ಸಾರಜನಕ ಅಂದುಕೊಂಡು ನೀವೇ ಲೆಕ್ಕ ಹಾಕಿ. ವರ್ಷಕ್ಕೆ ಸುಮಾರು 110 ಗ್ರಾಂ ನೈಟ್ರಸ್ ಆಕ್ಸೈಡ್ ಬರುತ್ತೆ. ಹಳೆಯದಕ್ಕಿಂತ 30 ಪಟ್ಟಿಗೂ ಹೆಚ್ಚು. ತಲೆಗೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್‌ಗೂ ಕಡಿಮೆ ಇದ್ದದ್ದು 30 ಕಿಲೋ ಆಯಿತು.

ನನ್ನ ದೊಡ್ಡ ತಕರಾರು ಮಾತ್ರ ಸಂಖ್ಯೆಯ ಗಾತ್ರದ ಮೇಲಲ್ಲ, ಅದರ ಮಾನದ ಮೇಲೆ. "ತಲೆಗೆ ಇಷ್ಟು" ಅಂದಮೇಲೆ ಘಟಕ ನಡೆಸುವವರು ಏನು ಮಾಡಿದರೂ ಲೆಕ್ಕ ಬದಲಾಗೋದಿಲ್ಲ. ಜನ ಕಡಿಮೆಯಾದರೆ ಮಾತ್ರ ಅನಿಲ ಕಡಿಮೆ! "ಸಾರಜನಕದ ಇಷ್ಟು ಪಾಲು" ಅನ್ನೋದು ಒಂದು ಹೆಜ್ಜೆ ಮುಂದೆ, ಆದರೆ ಅದೂ ಜಡ. ಗಾಳಿ ಊದುವ ಬ್ಲೋವರ್‌ಗಳು ಘಟಕದ ಕರೆಂಟಿನ ದೊಡ್ಡ ಪಾಲು ತಿನ್ನುತ್ತವೆ. ಯಾರೋ ಒಬ್ಬರು ಬ್ಲೋವರ್ ತಗ್ಗಿಸಿ ಬಿಲ್ ಇಳಿಸಿದರು ಅಂದುಕೊಳ್ಳಿ. ವರದಿಯಲ್ಲಿ ಕಾರ್ಬನ್ ಇಳಿಯಿತು, ಬಹುಮಾನವೂ ಬಂತು. ತೊಟ್ಟಿಯಲ್ಲಿ ಗಾಳಿ ಸಾಲದೆ ನೈಟ್ರೈಟ್ ಶೇಖರವಾಗಿ ನೈಟ್ರಸ್ ಆಕ್ಸೈಡ್ ದುಪ್ಪಟ್ಟಾಗಿದ್ದರೂ ಸ್ಥಿರ ಗುಣಕದಲ್ಲಿ ಅದು ಕಾಣೋದೇ ಇಲ್ಲ. ಉಳಿಸಿದ ಕರೆಂಟಿನ ಲಾಭವನ್ನು ಈ ಅನಿಲ ಪೂರ್ತಿ ನುಂಗಿಬಿಡಬಹುದು. 2019ರ ಕೋಷ್ಟಕದಲ್ಲಿ 1.6ರ ಪಕ್ಕ ಇರುವ ವ್ಯಾಪ್ತಿ 0.016ರಿಂದ 4.5 ಶೇಕಡಾ. ಅಷ್ಟು ಅಂತರವಿರುವ ಕಡೆ ಸರಾಸರಿ ಇಟ್ಟುಕೊಂಡು ದೇಶದ ಮೊತ್ತ ಹೇಳಬಹುದೇನೋ, ಒಂದು ಘಟಕದ ಬಗ್ಗೆ ಏನೂ ಹೇಳಕ್ಕಾಗಲ್ಲ.

ಇನ್ನು ಹೊರಬಿದ್ದ ನೀರು. ಅದರಲ್ಲಿ ಉಳಿದ ಸಾರಜನಕಕ್ಕೆ 2006ರ ಗುಣಕ 0.5 ಶೇಕಡಾ. 2019ರಲ್ಲಿ, ಪೋಷಕಾಂಶ ತುಂಬಿ ಆಮ್ಲಜನಕ ಕುಗ್ಗಿದ ನೀರಿಗೆ 1.9 ಅಂತ ಬೇರೆ ಗುಣಕ ಬಂತು, ಆದರೆ ಹೆಚ್ಚು ವಿವರದ ಲೆಕ್ಕ ಇಟ್ಟವರಿಗೆ ಮಾತ್ರ. ಬೆಂಗಳೂರಿಗೆ ಹೋದಾಗ ನೊರೆ ಎದ್ದ ಬೆಳ್ಳಂದೂರು ಕೆರೆ ನೋಡಿದವರಿಗೆ ಯಾವ ಗುಣಕ ಯಾವ ನೀರಿಗೆ ಅನ್ನೋದು ವಿವರಿಸಬೇಕಾಗಿಲ್ಲ. ವಿವರ ಇಡಲು ದುಡ್ಡಿಲ್ಲದ ಕಡೆಯೇ ಇಂಥ ನೀರು ಹೆಚ್ಚು, ಅಲ್ಲೇ ಕಡಿಮೆ ಗುಣಕ ಬಳಕೆಯಾಗುತ್ತೆ.

ನೀವಿರುವ ಊರಿನ ನೀರಿನ ಸಂಸ್ಥೆಯ ವಾರ್ಷಿಕ ವರದಿ ಅಂತರ್ಜಾಲದಲ್ಲಿ ಸಿಗಬಹುದು. ನೈಟ್ರಸ್ ಆಕ್ಸೈಡ್ ಅಂತ ಹುಡುಕಿ. ಪಕ್ಕದಲ್ಲಿ "ಅಳೆದದ್ದು" ಅಂತಿದೆಯೋ "ಅಂದಾಜು" ಅಂತಿದೆಯೋ ನೋಡಿ. ಅಂದಾಜು ಅಂತಿದ್ದರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಗುಣಕ ಬರೆದಿರುತ್ತಾರೆ. 3.2 ಕಂಡರೆ ನಮಗೊಂದು ಸಾಲು ಬರೆದು ಕಳಿಸಿ.