ಹೇಳಿದ್ದು, ಆದದ್ದು

ಭೌತಶಾಸ್ತ್ರದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾದಾಗ ಅದರ ಸಿದ್ಧಾಂತವನ್ನು ಒರೆಗೆ ಹಚ್ಚುವವರು ಸಿಗುತ್ತಾರೆ, ಲೆಕ್ಕವನ್ನು ಮತ್ತೆ ಮಾಡಿ ನೋಡುವವರೂ ಸಿಗುತ್ತಾರೆ. ಆ ಲೆಕ್ಕಕ್ಕೆ ಅಂಕಿ ಒದಗಿಸಿದ ಕಂಪ್ಯೂಟರ್ ನಿಯಂತ್ರಣವನ್ನು ವಿಮರ್ಶೆಗೆ ಎತ್ತಿಕೊಳ್ಳುವವರು ಅಪರೂಪ. ಪ್ರಬಂಧದಲ್ಲಿ ಅದಕ್ಕೆ ಸಿಗುವುದು ಒಂದೆರಡು ವಾಕ್ಯ. ಅಮೆರಿಕದ ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಜೆಫರ್ಸನ್ ಪ್ರಯೋಗಾಲಯದ ಧ್ರುವೀಕೃತ ಹೀಲಿಯಂ-3 ಟಾರ್ಗೆಟ್, ಅಂದರೆ ಎಲೆಕ್ಟ್ರಾನ್ ಕಿರಣ ಬಡಿಯುವ ಗುರಿ, ಇಷ್ಟರಲ್ಲೇ ಮುಗಿಸುವಂಥ ಯಂತ್ರವಲ್ಲ. 1998ರಲ್ಲಿ ಅಲ್ಲಿನ ‘ಹಾಲ್ ಎ’ಯಲ್ಲಿ ಮೊದಲ ಬಾರಿ ಕೆಲಸಕ್ಕಿಳಿದ ಈ ಟಾರ್ಗೆಟ್, ನ್ಯೂಟ್ರಾನಿನ ಒಳಗನ್ನು ಕುರಿತು ನಮಗಿರುವ ತಿಳಿವಳಿಕೆಯ ದೊಡ್ಡ ಪಾಲಿಗೆ ಆಧಾರ. ಅದನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ಒಂದೇ ಪ್ರಶ್ನೆ ಹಿಡಿದು ನೋಡುತ್ತೇನೆ: ನಾವು ಹೇಳಿದ್ದಕ್ಕೂ ಅಲ್ಲಿ ಆದದ್ದಕ್ಕೂ ನಡುವಿನ ಅಂತರವನ್ನು ಅದು ತೋರಿಸುತ್ತದೆಯೋ, ಮುಚ್ಚಿಡುತ್ತದೆಯೋ?

ಟಾರ್ಗೆಟ್ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಒಂಟಿ ನ್ಯೂಟ್ರಾನ್ ಸುಮಾರು 15 ನಿಮಿಷದಲ್ಲಿ ಕ್ಷಯಿಸುತ್ತದೆ, ಅದನ್ನು ಸೀಸೆಯಲ್ಲಿ ತುಂಬಿಡಲಾಗದು. ಹೀಲಿಯಂ-3ರ ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್, ಒಂದು ನ್ಯೂಟ್ರಾನ್ ಇವೆ. ಪ್ರೋಟಾನುಗಳ ಸ್ಪಿನ್ ಬಹುಮಟ್ಟಿಗೆ ಒಂದನ್ನೊಂದು ರದ್ದುಗೊಳಿಸುವುದರಿಂದ ನ್ಯೂಕ್ಲಿಯಸ್‌ನ ಸ್ಪಿನ್ ಹೆಚ್ಚುಕಡಿಮೆ ನ್ಯೂಟ್ರಾನಿನದೇ, ಸೇಕಡಾ 86ರಷ್ಟು. 1980ರ ದಶಕದ ಕೊನೆಗೆ ಜಿನೀವಾದ ಸರ್ನ್‌ನಲ್ಲಿ ನಡೆದ ಪ್ರಯೋಗವೊಂದು, ಪ್ರೋಟಾನಿನ ಸ್ಪಿನ್‌ನಲ್ಲಿ ಕ್ವಾರ್ಕುಗಳ ಪಾಲು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಎಂದು ತೋರಿಸಿತ್ತು. ಹಾಗಾದರೆ ನ್ಯೂಟ್ರಾನಿನ ಕಥೆಯೇನು ಎಂದು ತಿಳಿಯಲು ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದ, ಅಂದರೆ ಧ್ರುವೀಕೃತವಾದ, ಹೀಲಿಯಂ-3 ಬೇಕಾಯಿತು.

ಅದನ್ನು ತಯಾರಿಸುವ ಪಾತ್ರೆ ಗಾಜಿನದು, ಎರಡು ಕೋಣೆಗಳದು. ಮೇಲಿನ ದುಂಡು ಕೋಣೆಯಲ್ಲಿ ಹೀಲಿಯಂ ಜತೆ ಚೂರು ರುಬಿಡಿಯಂ, ಇಷ್ಟೇ ಇಷ್ಟು ನೈಟ್ರೋಜನ್. ಬಿಸಿಗಾಳಿಯ ಒಲೆಯೊಳಗೆ ಅದನ್ನಿಟ್ಟು ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಪೊಟ್ಯಾಸಿಯಂ ಬೆರೆಸಿದ ಮುಂದಿನ ತಲೆಮಾರಿನ ಪಾತ್ರೆಗಳಿಗೆ 230 ಡಿಗ್ರಿಯ ಆಸುಪಾಸು ಬೇಕು. 795 ನ್ಯಾನೋಮೀಟರಿನ ಲೇಸರ್ ಬೆಳಕು ವೃತ್ತಾಕಾರವಾಗಿ ಧ್ರುವೀಕರಣಗೊಂಡು ರುಬಿಡಿಯಂನ ಎಲೆಕ್ಟ್ರಾನ್‌ಗಳನ್ನು ಒಂದೇ ಕಡೆಗೆ ತಿರುಗಿಸುತ್ತದೆ. ಡಿಕ್ಕಿಗಳ ಮೂಲಕ ಆ ಸ್ಪಿನ್ ಹೀಲಿಯಂಗೆ ದಾಟುತ್ತದೆ. ಕೆಳಗೆ 40 ಸೆಂಟಿಮೀಟರ್ ಉದ್ದದ ಕೊಳವೆ. ಎಲೆಕ್ಟ್ರಾನ್ ಕಿರಣ ಅದರೊಳಗೆ ಹಾದುಹೋಗುತ್ತದೆ. ಕಿರಣ ಒಳಹೋಗುವ ಗಾಜಿನ ಕಿಂಡಿಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಒಳಗಿನ ಒತ್ತಡ ಸುಮಾರು 10 ವಾತಾವರಣ. ಕಾದ ಪಾತ್ರೆಯ ಹತ್ತಿರ ಹೋಗುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳುವುದು ಸಿಡಿತದ ಭಯದಿಂದಲೇ. ಹೊರಗೆ ಹೆಲ್ಮ್‌ಹೋಲ್ಟ್ಸ್ ಸುರುಳಿಗಳು ಸುಮಾರು 25 ಗಾಸ್‌ನ ಕಾಂತಕ್ಷೇತ್ರ ಹಿಡಿದಿರುತ್ತವೆ.

ಕಿರಣ ಬಂದಾಗ ಹಾಲ್‌ನಲ್ಲಿ ಯಾರೂ ಇರುವಂತಿಲ್ಲ. ಒಲೆಯ ಶಾಖ, ಲೇಸರು, ಕಾಂತಕ್ಷೇತ್ರ, ಪಾತ್ರೆಯನ್ನು ಮೇಲೆ ಕೆಳಗೆ ಸರಿಸುವ ಮೋಟಾರು, ಎಲ್ಲವನ್ನೂ ದೂರದ ಕೌಂಟಿಂಗ್ ಹೌಸ್‌ನಲ್ಲಿ ಪಾಳಿಯ ಟಾರ್ಗೆಟ್ ಆಪರೇಟರ್ ಕಂಪ್ಯೂಟರಿನಿಂದಲೇ ನೋಡಿಕೊಳ್ಳಬೇಕು. ಅನಿಲದ ಬಗ್ಗೆ ಅವರಿಗೆ ಗೊತ್ತಿರುವುದೆಲ್ಲ ಪರದೆ ಹೇಳಿದ್ದು.

ಆ ಪರದೆಗಳ ಬಹುಪಾಲಿನ ಹಿಂದಿರುವುದು ಎಪಿಕ್ಸ್. 1980ರ ದಶಕದ ಕೊನೆಯಿಂದ ಲಾಸ್ ಅಲಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳ ಸಹಯೋಗದಲ್ಲಿ ಬೆಳೆದ ಈ ತಂತ್ರಾಂಶ ಇಂದು ಜಗತ್ತಿನ ಅನೇಕ ವೇಗವರ್ಧಕಗಳಲ್ಲಿದೆ. ಇದರ ಕಟ್ಟಡದಲ್ಲಿ ನನಗೆ ತುಂಬ ಹಿಡಿಸುವುದು ಎರಡು ಸಂಗತಿ. ಒಳ್ಳೆಯ ಕೈ ಕಟ್ಟಿದ ಪರದೆಯಲ್ಲಿ ಇಟ್ಟ ಬೆಲೆ ಬೇರೆ ಪೆಟ್ಟಿಗೆಯಲ್ಲಿ, ಉಪಕರಣ ಹಿಂದಿರುಗಿ ಹೇಳಿದ ಬೆಲೆ ಬೇರೆ ಪೆಟ್ಟಿಗೆಯಲ್ಲಿ ಇರುತ್ತದೆ. 170 ಡಿಗ್ರಿ ಎಂದು ಬರೆದದ್ದು ನಮ್ಮ ಇಚ್ಛೆ. ಪಕ್ಕದಲ್ಲಿ 163 ಎಂದು ಕಂಡರೆ ಅದು ಒಲೆಯ ಮಾತು. ಎರಡನೆಯದು, ಉಪಕರಣದೊಡನೆ ಸಂಪರ್ಕ ಕಡಿದರೆ ಪರದೆಯ ಆ ಜಾಗ ಬಿಳಿಚಿಕೊಳ್ಳುತ್ತದೆ. ಕೊನೆಗೆ ಸಿಕ್ಕ ಅಂಕಿಯನ್ನೇ ಹಿಡಿದುಕೊಂಡು ಎಲ್ಲ ಸರಿಯಿದೆ ಎಂದು ತೋರಿಸುತ್ತ ಕೂರುವುದಿಲ್ಲ. ಗೊತ್ತಿಲ್ಲ ಎಂಬುದನ್ನು ಸೊನ್ನೆಯಿಂದಲೂ ಹಳೆಯ ಅಂಕಿಯಿಂದಲೂ ಬೇರೆಯಾಗಿ ಹೇಳುವುದು ದೊಡ್ಡ ಗುಣ. ನಮ್ಮ ಕಚೇರಿಗಳ, ಆಸ್ಪತ್ರೆಗಳ ಎಷ್ಟೋ ಗಣಕ ವ್ಯವಸ್ಥೆಗಳಿಗೆ ಈ ಗುಣ ಇನ್ನೂ ಬಂದಿಲ್ಲ. ಜೀವಕ್ಕೆ ಅಪಾಯವಿರುವ ಕಡೆ, ಉದಾಹರಣೆಗೆ ಲೇಸರ್ ಕೋಣೆಯ ಬಾಗಿಲು ತೆರೆದರೆ ಲೇಸರ್ ಆರಬೇಕಾದ ಕಡೆ, ಎಪಿಕ್ಸನ್ನು ನಂಬದೆ ತಂತಿಯ ಇಂಟರ್‌ಲಾಕ್‌ಗೆ ಆ ಕೆಲಸ ಬಿಡುವ ಸಂಪ್ರದಾಯವೂ ಸರಿಯಾದದ್ದೇ.

ಹೀಗಿದ್ದರೂ ಎಪಿಕ್ಸ್ ಪರದೆ ಹೇಳುವುದು ಒಲೆಯ ಶಾಖ, ಸುರುಳಿಯ ವಿದ್ಯುತ್ತು, ಮೋಟಾರಿನ ಸ್ಥಾನ. ಪ್ರಯೋಗಕ್ಕೆ ಬೇಕಾದ್ದು ಹೀಲಿಯಂನ ಧ್ರುವೀಕರಣ. ಅದನ್ನು ಯಾವ ಥರ್ಮಾಮೀಟರೂ ಓದಲಾರದು, ಅನಿಲವನ್ನೇ ಕೇಳಬೇಕು.

ಕೇಳುವ ದಾರಿ ಎನ್‌ಎಂಆರ್, ಅಂದರೆ ನ್ಯೂಕ್ಲಿಯಸ್‌ಗಳ ಕಾಂತೀಯ ಅನುರಣನ. ಸುಮಾರು 91 ಕಿಲೋಹರ್ಟ್ಸ್‌ನ ರೇಡಿಯೋ ಅಲೆಯನ್ನು ಹಚ್ಚಿ, ಕಾಂತಕ್ಷೇತ್ರವನ್ನು 25 ಗಾಸ್‌ನಿಂದ 32ಕ್ಕೆ ಕೆಲವೇ ಸೆಕೆಂಡುಗಳಲ್ಲಿ ಏರಿಸುತ್ತಾರೆ. 28 ಗಾಸ್‌ನ ಬಳಿ ಹೀಲಿಯಂ ಸ್ಪಿನ್‌ಗಳು ಒಟ್ಟಾಗಿ ತಲೆಕೆಳಗಾಗುತ್ತವೆ, ಹತ್ತಿರದ ಸುರುಳಿಯಲ್ಲಿ ಸಂಜ್ಞೆ ಮೂಡುತ್ತದೆ. ಮತ್ತೆ 25ಕ್ಕೆ ಇಳಿಸಿದರೆ ಅವು ಮೊದಲಿನಂತೆ ನಿಲ್ಲುತ್ತವೆ. ಏರಿಕೆ ತೀರ ಬಿರುಸಾದರೆ ಸ್ಪಿನ್‌ಗಳು ಹಿಂಬಾಲಿಸುವುದಿಲ್ಲ, ತೀರ ನಿಧಾನವಾದರೆ ದಾರಿಯಲ್ಲೇ ಚದುರಿಹೋಗುತ್ತವೆ. ಮನುಷ್ಯನ ಕೈ ಇಂಥ ಹದವನ್ನು ಪ್ರತಿ ಬಾರಿಯೂ ಒಂದೇ ಬಗೆಯಲ್ಲಿ ಹಿಡಿಯಲಾರದು. ಇಲ್ಲಿ ಕಂಪ್ಯೂಟರ್ ಅನುಕೂಲಕ್ಕಾಗಿ ಬಂದದ್ದಲ್ಲ, ಅದಿಲ್ಲದೆ ಅಳತೆಯೇ ಇಲ್ಲ.

ಸಂಜ್ಞೆಯ ಎತ್ತರವನ್ನು ಸೇಕಡಾವಾರು ಧ್ರುವೀಕರಣಕ್ಕೆ ಇಳಿಸಲು ಒಂದು ಮಾನದಂಡ ಬೇಕು. ಅದು ಸಾಮಾನ್ಯ ನೀರು. ಅದೇ ಆಕಾರದ ಪಾತ್ರೆಯಲ್ಲಿ ನೀರು ತುಂಬಿಟ್ಟರೆ, ಕೋಣೆಯ ಶಾಖದಲ್ಲಿ ಇಷ್ಟು ದುರ್ಬಲ ಕ್ಷೇತ್ರದಲ್ಲಿ ಅದರ ಪ್ರೋಟಾನ್‌ಗಳ ಧ್ರುವೀಕರಣ ಎಷ್ಟು ಎಂಬುದು ಲೆಕ್ಕದಿಂದಲೇ ನಿಖರವಾಗಿ ಗೊತ್ತು: 100 ಕೋಟಿಗೆ ಏಳೆಂಟು. ಅಷ್ಟು ಕ್ಷೀಣ ಸಂಜ್ಞೆ ಒಂದೇ ಸಲಕ್ಕೆ ಕಾಣುವುದಿಲ್ಲ. ನೂರಾರು ಸಲ ಕ್ಷೇತ್ರವನ್ನು ಏರಿಸಿ ಇಳಿಸಿ, ಸರಾಸರಿ ತೆಗೆದು, ಗದ್ದಲದೊಳಗಿಂದ ಅದನ್ನು ಎತ್ತಬೇಕು. ಈ ವ್ಯವಸ್ಥೆಯಲ್ಲಿ ನಾನು ಅತ್ಯಂತ ಗೌರವದಿಂದ ನೋಡುವ ಭಾಗ ಇದು. ಅಳತೆಯ ಪ್ರಾಮಾಣ್ಯವನ್ನು ಇನ್ನೊಂದು ದುಬಾರಿ ಯಂತ್ರದ ಮೇಲೆ ಹೊರಿಸದೆ, ನೀರಿನ ಮೇಲೆ, ಪ್ರಕೃತಿಯ ನಿಯಮದ ಮೇಲೆ ಇಟ್ಟಿದ್ದಾರೆ. ಇದಲ್ಲದೆ ರುಬಿಡಿಯಂನ ಅನುರಣನ ಆವೃತ್ತಿ ಹೀಲಿಯಂನ ಕಾಂತತ್ವದಿಂದ ಎಷ್ಟು ಸರಿಯುತ್ತದೆ ಎಂದು ನೋಡುವ ಇಪಿಆರ್ ಎಂಬ ಬೇರೆಯೇ ವಿಧಾನವೂ ಇದೆ. ಎರಡು ಸ್ವತಂತ್ರ ಸಾಕ್ಷಿಗಳು ಹೊಂದಿಕೊಂಡಾಗ ಹುಟ್ಟುವ ಭರವಸೆ ಬರೀ ಪರದೆಯಿಂದ ಹುಟ್ಟುವಂಥದ್ದಲ್ಲ.

ಆದರೆ ಅಳತೆಗೆ ಬೆಲೆ ತೆರಬೇಕು. ಪ್ರತಿ ಬಾರಿ ಕ್ಷೇತ್ರ ಏರಿಳಿದಾಗ ಧ್ರುವೀಕರಣದ ಸಣ್ಣ ಪಾಲು ನಷ್ಟ, ಮತ್ತು ಕಳೆದದ್ದನ್ನು ಲೇಸರು ಮತ್ತೆ ಕಟ್ಟಲು ಹೊತ್ತು ಬೇಕು. ಪದೇಪದೇ ಕೇಳಿದರೆ ಅನಿಲ ಬಡವಾಗುತ್ತದೆ, ಕೇಳದಿದ್ದರೆ ನಮ್ಮ ಅಂಕಿ ಹಳಸುತ್ತದೆ. ಮೊದಲ ವರ್ಷಗಳ ಪ್ರಯೋಗಗಳಲ್ಲಿ ಅಳತೆಗಳ ನಡುವೆ ಗಂಟೆಗಳ ಅಂತರವಿಟ್ಟು ಈ ಇಕ್ಕಟ್ಟನ್ನು ನಿಭಾಯಿಸಿದರು. 2008ರ ನವೆಂಬರಿನಿಂದ 2009ರ ಫೆಬ್ರವರಿವರೆಗೆ ನಡೆದ ‘ಟ್ರಾನ್ಸ್‌ವರ್ಸಿಟಿ’ ಪ್ರಯೋಗ ಅದಕ್ಕೆ ಕೊಟ್ಟ ಉತ್ತರ ಬಲು ಸೊಗಸಾದದ್ದು. ಆ ಪ್ರಯೋಗಕ್ಕೆ ಹೀಲಿಯಂನ ಸ್ಪಿನ್ ದಿಕ್ಕನ್ನು 20 ನಿಮಿಷಕ್ಕೊಮ್ಮೆ ತಿರುಗಿಸುವುದು ಹೇಗೂ ಅಗತ್ಯವಿತ್ತು. ಹಾಗೆ ತಿರುಗಿಸಿದರೆ ಪತ್ತೆಕಾರಿಗಳ ಏರುಪೇರು ಲೆಕ್ಕದಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ತಿರುಗಿಸುವ ವಿಧಾನವೂ ಅಳೆಯುವ ವಿಧಾನವೂ ಒಂದೇ ಆದದ್ದರಿಂದ ಪ್ರತಿ ತಿರುವಿನಲ್ಲೂ ಎನ್‌ಎಂಆರ್ ಸಂಜ್ಞೆ ತಾನಾಗಿ ಸಿಕ್ಕಿತು. ತೆತ್ತೇ ತೆರಬೇಕಾದ ಬೆಲೆಯಲ್ಲಿ ಅಳತೆಯೂ ಸೇರಿಹೋಯಿತು. ಕಿರಣದ ಕೆಳಗೆ ಸರಾಸರಿ ಸೇಕಡಾ 55ರಷ್ಟು ಧ್ರುವೀಕರಣ ನಿಂತದ್ದಕ್ಕೆ ಹೊಸ ಲೇಸರು, ಪೊಟ್ಯಾಸಿಯಂ ಬೆರೆಸಿದ ಪಾತ್ರೆಗಳೇ ಮುಖ್ಯ ಕಾರಣ ಎಂಬುದು ನಿಜ. ತಿರುವುಗಳ ನಡುವೆಯೂ ಅದು ನಿಲ್ಲುವಂತೆ ನೋಡಿಕೊಂಡದ್ದು ನಿಯಂತ್ರಣದ ಶಿಸ್ತು.

ಈ ತಿರುವಿನಲ್ಲಿ ಒಂದು ಸೂಕ್ಷ್ಮವಿದೆ. ಸ್ಪಿನ್ ತಲೆಕೆಳಗಾದ ಮೇಲೆ ಲೇಸರ್ ಬೆಳಕಿನ ಧ್ರುವೀಕರಣವೂ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬದಲಾಗಬೇಕು. ಅದಕ್ಕೆ ಕ್ವಾರ್ಟರ್ ವೇವ್ ಪ್ಲೇಟುಗಳನ್ನು ಮೋಟಾರು ತಿರುಗಿಸುತ್ತದೆ. ಸ್ಪಿನ್ ಹೊರಳಿ ಪ್ಲೇಟು ಹೊರಳದಿದ್ದರೆ ಇಷ್ಟು ಹೊತ್ತು ಕಟ್ಟುತ್ತಿದ್ದ ಲೇಸರು ಈಗ ಅಷ್ಟೇ ಶ್ರದ್ಧೆಯಿಂದ ಕೆಡವತೊಡಗುತ್ತದೆ. ಒಲೆ ಸರಿ, ಲೇಸರ್ ಶಕ್ತಿ ಸರಿ, ಕಾಂತಕ್ಷೇತ್ರ ಸರಿ, ಎಪಿಕ್ಸ್‌ನ ಒಂದು ಪೆಟ್ಟಿಗೆಯೂ ಕೆಂಪಾಗದೆ ಧ್ರುವೀಕರಣ ಕರಗುತ್ತಿರಬಹುದು. ಪ್ಲೇಟು ಹೊರಳಿತೆಂದು ಮೋಟಾರು ಹೇಳುವುದು ಸಾಲದು; ಹೊರಳಿದ ಮೇಲಿನ ಅನಿಲ ಏನು ಹೇಳುತ್ತದೆ ಎಂಬುದಕ್ಕೇ ಅಂತಿಮ ತೂಕ. 20 ನಿಮಿಷದ ಮುಂದಿನ ತಿರುವಿನಲ್ಲಿ ಎನ್‌ಎಂಆರ್ ಸಂಜ್ಞೆ ಕುಗ್ಗಿದ್ದು ಕಂಡೇ ಕಾಣುತ್ತದೆ ಎಂಬುದರಿಂದಲೇ ನಾನು ಈ ಏರ್ಪಾಡನ್ನು ಮೆಚ್ಚುವುದು.

ಮೆಚ್ಚಲಾಗದ್ದೂ ಇದೆ. ಶಾಖ, ಚಲನೆಗಳು ಎಪಿಕ್ಸ್‌ನಲ್ಲಿ; ಎನ್‌ಎಂಆರ್, ಇಪಿಆರ್ ಅಳತೆಗಳು ಲ್ಯಾಬ್‌ವ್ಯೂ ಎಂಬ ತಂತ್ರಾಂಶದಲ್ಲಿ ಬರೆದ ಬೇರೆ ಪ್ರೋಗ್ರಾಮಿನಲ್ಲಿ, ಬೇರೆ ಕಂಪ್ಯೂಟರಿನಲ್ಲಿ. ಇದು ಹೇಗಾಯಿತು ಎಂಬುದು ಅರ್ಥವಾಗುವಂಥದ್ದೇ. ಎನ್‌ಎಂಆರ್ ಬೆಳೆದದ್ದು ವಿಶ್ವವಿದ್ಯಾಲಯಗಳ ಮೇಜಿನ ಮೇಲೆ. ಗಾಜಿನ ಪಾತ್ರೆಗಳನ್ನು ತುಂಬಿ ಪರೀಕ್ಷಿಸುತ್ತಿದ್ದ ವರ್ಜೀನಿಯಾ ವಿಶ್ವವಿದ್ಯಾಲಯ, ವಿಲಿಯಂ ಅಂಡ್ ಮೇರಿ ಕಾಲೇಜುಗಳಂಥ ಕಡೆ ವಿದ್ಯಾರ್ಥಿಯೊಬ್ಬರು ಬೇಗ ಬರೆದು ಬೇಗ ತಿದ್ದಲು ಲ್ಯಾಬ್‌ವ್ಯೂ ಒದಗಿದಷ್ಟು ಎಪಿಕ್ಸ್ ಒದಗದು. ಆದರೆ ಪಾಳಿಯಲ್ಲಿ ಕುಳಿತವರಿಗೆ ಇದರಿಂದ ಒಂದೇ ಅನಿಲದ ಎರಡು ಅರ್ಧಗಳು ಎರಡು ಪರದೆಗಳಲ್ಲಿ ಸಿಗುತ್ತವೆ, ಜೋಡಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. ರಾತ್ರಿ ಪಾಳಿಯ ಮೂರು ಗಂಟೆಗೆ ಆ ತಲೆಯ ಮೇಲೆ ಅಷ್ಟು ಭಾರ ಹೊರಿಸುವುದು ಒಳ್ಳೆಯ ವಿನ್ಯಾಸವಲ್ಲ.

ಇನ್ನೂ ದೊಡ್ಡ ಕೊರತೆ ಚಿಹ್ನೆಯದು. ಧ್ರುವೀಕರಣ ಎಷ್ಟು ಎಂಬುದರಷ್ಟೇ ಮುಖ್ಯ, ಯಾವ ಕಡೆಗೆ ಎಂಬುದು. ಕಾಂತಕ್ಷೇತ್ರದ ದಿಕ್ಕು, ವೇವ್ ಪ್ಲೇಟಿನ ಕೋನ, ದಾರಿಯ ಕನ್ನಡಿಗಳು, ತಿರುವುಗಳ ಸಂಖ್ಯೆ, ಇವೆಲ್ಲ ಗುಣಿಸಿಕೊಂಡು ಕೊನೆಗೆ ಕೂಡು ಅಥವಾ ಕಳೆ ಎಂಬ ಒಂದು ಗುರುತಾಗುತ್ತವೆ. ಒಂದು ಕಡೆ ಎಡವಿದರೆ ಇಡೀ ಫಲಿತಾಂಶ ತಿರುಗುಮುರುಗು. ಇದಕ್ಕಾಗಿಯೇ, ಉತ್ತರ ಮೊದಲೇ ಗೊತ್ತಿರುವ ಸ್ಥಿತಿಸ್ಥಾಪಕ ಚದುರಿಕೆಯಂಥ ಅಳತೆಯನ್ನು ಮಾಡಿ ಚಿಹ್ನೆಯನ್ನು ತಾಳೆ ನೋಡುತ್ತಾರೆ. ಆ ಎಚ್ಚರವನ್ನು ಮನಸಾರೆ ಗೌರವಿಸುತ್ತೇನೆ. ಆದರೂ ಚಿಹ್ನೆಗೆ ಕಾರಣವಾದ ಪ್ರತಿಯೊಂದು ಸಂಗತಿಯನ್ನೂ ಪರದೆಯ ಒಂದೇ ಜಾಗದಲ್ಲಿ ಸಾಲಾಗಿ ತೋರಿಸುವುದು ಕಂಪ್ಯೂಟರಿಗೆ ಕಷ್ಟದ್ದೇನಲ್ಲ. ಅದು ಲಾಗ್‌ಬುಕ್ಕಿನ ಟಿಪ್ಪಣಿಯಿಂದ, ಯಾರದೋ ಪಿಎಚ್‌ಡಿ ಪ್ರಬಂಧದ ಅನುಬಂಧದಿಂದ ಆಮೇಲೆ ಹೆಕ್ಕಬೇಕಾದ ವಿಷಯವಾಗಿ ಉಳಿಯಬಾರದು. ಈ ಟಾರ್ಗೆಟ್‌ನ ಜ್ಞಾನದ ಬಹುಭಾಗ ಪಿಎಚ್‌ಡಿ ಪ್ರಬಂಧಗಳಲ್ಲೇ ಇದೆ. ಬರೆದವರು ಪದವಿ ಪಡೆದು ಹೊರಟುಹೋಗುತ್ತಾರೆ, ಅವರು ಕಟ್ಟಿದ ಪ್ರೋಗ್ರಾಮು ಮುಂದಿನವರ ಕೈಗೆ ಬರುತ್ತದೆ.

ಜರ್ಮನಿಯ ಹ್ಯಾಂಬರ್ಗ್‌ನ ಡೇಸಿ ಪ್ರಯೋಗಾಲಯದಲ್ಲಿದ್ದ ಹರ್ಮಿಸ್ ಪ್ರಯೋಗವನ್ನು ಪಕ್ಕಕ್ಕಿಟ್ಟು ನೋಡಿದರೆ ಅನಿಲದ ಸ್ವಭಾವವೇ ನಿಯಂತ್ರಣದ ಸ್ವಭಾವವನ್ನು ತಿದ್ದುವುದು ಕಾಣುತ್ತದೆ. ಅಲ್ಲಿ ಮುಚ್ಚಿದ ಪಾತ್ರೆಯಿಲ್ಲ. ಧ್ರುವೀಕೃತ ಹೈಡ್ರೋಜನ್ ಇಲ್ಲವೇ ಡ್ಯೂಟೀರಿಯಂ ಪರಮಾಣುಗಳ ಧಾರೆ, ಎರಡೂ ತುದಿ ತೆರೆದ ತೆಳು ಅಲ್ಯೂಮಿನಿಯಂ ಕೊಳವೆಗೆ ಸದಾ ಸುರಿಯುತ್ತಿತ್ತು. ಅದರಿಂದ ಸೋರಿ ಬರುವ ಚೂರನ್ನು ಬ್ರೈಟ್-ರಾಬಿ ಪೋಲಾರಿಮೀಟರ್ ನಿರಂತರವಾಗಿ ಪರೀಕ್ಷಿಸುತ್ತಿತ್ತು. ಅನಿಲ ಕ್ಷಣಕ್ಷಣಕ್ಕೂ ಹೊಸದಾದ್ದರಿಂದ ಸ್ಪಿನ್ ದಿಕ್ಕನ್ನು ಒಂದೆರಡು ನಿಮಿಷದೊಳಗೇ ಬದಲಿಸಬಹುದಿತ್ತು, ತಪ್ಪಾದರೆ ನಷ್ಟವೂ ಅಷ್ಟರದೇ. ಹೀಲಿಯಂ-3 ಪಾತ್ರೆಯಲ್ಲಿ ಧ್ರುವೀಕರಣ ಏರಲು ಗಂಟೆಗಟ್ಟಲೆ ಬೇಕು, ಒಂದು ತಪ್ಪು ಗುಂಡಿ ಒತ್ತಿದರೆ ದಿನದ ಕೆಲಸವೇ ಹೋಗಬಹುದು. ಹರ್ಮಿಸ್‌ಗೆ ಹೊಂದುವ ಸಂಪೂರ್ಣ ಸ್ವಯಂಚಾಲನೆಯನ್ನು ಹೀಲಿಯಂಗೂ ತರಬೇಕು ಎಂಬ ವಾದ ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ಪಾತ್ರೆಯನ್ನು ಸರಿಸುವ ಮೊದಲು ಕಿರಣ ನಿಂತಿದೆಯೇ ಎಂದು ಕಣ್ಣಾರೆ ನೋಡುವ, ಕೈಯಾರೆ ದೃಢಪಡಿಸುವ ಹೆಜ್ಜೆಗಳು ನಿಧಾನವಾದರೂ ಇರಬೇಕು.

ಈಚಿನ ಪ್ರಯೋಗಗಳಲ್ಲಿ ಪಾತ್ರೆಯೇ ಬದಲಾಗಿದೆ. 2019ರ ಕೊನೆಗೆ ಜೆಫರ್ಸನ್ ಪ್ರಯೋಗಾಲಯದ ‘ಹಾಲ್ ಸಿ’ಯಲ್ಲಿ ಶುರುವಾದ ಪ್ರಯೋಗ ಸುಮಾರು 30 ಮೈಕ್ರೋಆಂಪಿಯರ್ ಕಿರಣವನ್ನು ಬಳಸಿತು, ಟ್ರಾನ್ಸ್‌ವರ್ಸಿಟಿಯದರ ಎರಡೂವರೆ ಪಟ್ಟು. ಅಷ್ಟು ಕಿರಣ ಕೆಳಗಿನ ಕೋಣೆಯ ಧ್ರುವೀಕರಣವನ್ನು ಬೇಗ ತಿಂದುಹಾಕುತ್ತದೆ. ಹಳೆಯ ಪಾತ್ರೆಯಂತೆ ಅನಿಲ ತಾನಾಗಿ ಹರಡಿಕೊಂಡು ಕೆಳಗೆ ಬರಲಿ ಎಂದು ಕಾದರೆ ಆಗದು. ಎರಡು ಕೋಣೆಗಳ ನಡುವೆ ಎರಡು ಕೊಳವೆ ಇಟ್ಟು, ಒಂದನ್ನು ಕಾಯಿಸಿ, ಅನಿಲ ಸುತ್ತುವಂತೆ ಮಾಡಿದರು. ಒಳ್ಳೆಯ ಯೋಚನೆ. ಆದರೆ ಆಪರೇಟರ್ ಕಣ್ಣಿಡಬೇಕಾದ ಹೊಸ ಸಂಗತಿಯೂ ಹುಟ್ಟಿತು: ಹರಿವು. ಹೀಟರಿಗೆ ಎಷ್ಟು ವಿದ್ಯುತ್ತು ಹೋಗುತ್ತಿದೆ, ಕೊಳವೆ ಎಷ್ಟು ಬಿಸಿಯಾಗಿದೆ ಎಂದು ಪರದೆ ಹೇಳಬಲ್ಲದು. ಹರಿವು ನಿಂತರೆ ಮೇಲಿನ ಕೋಣೆಯ ಧ್ರುವೀಕರಣ ಚೆನ್ನಾಗಿಯೇ ಕಾಣುತ್ತದೆ, ಕಿರಣ ಬಡಿಯುವ ಕೆಳಗಿನ ಕೋಣೆಯದು ಕುಸಿಯುತ್ತದೆ. ಕೊಳವೆಯಲ್ಲಿ ಅನಿಲದ ಒಂದು ತುಣುಕಿನ ಸ್ಪಿನ್ ಅನ್ನು ರೇಡಿಯೋ ಅಲೆಯಿಂದ ಕೆಡಿಸಿ, ಆ ತುಣುಕು ಮುಂದಿನ ಸುರುಳಿಗಳನ್ನು ಯಾವಾಗ ದಾಟುತ್ತದೆ ಎಂದು ನೋಡಿ ವೇಗ ಅಳೆಯುವ ವಿಧಾನವನ್ನು ಪಾತ್ರೆ ರೂಪಿಸಿದವರೇ ತೋರಿಸಿಕೊಟ್ಟಿದ್ದಾರೆ. ಧ್ರುವೀಕರಣದ ಅಂಕಿ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಅದು ಯಾವ ಕೋಣೆಯದು, ಎಷ್ಟು ಹೊತ್ತಿನ ಹಿಂದೆ ಅಳೆದದ್ದು, ಆಗ ಹರಿವು ಇತ್ತೇ ಎಂಬ ಮೂರೂ ಜತೆಗೇ ಕಾಣಬೇಕು ಎಂಬುದು ಈ ಪರದೆಗಳನ್ನು ಮುಂದೆ ಕಟ್ಟುವವರಲ್ಲಿ ನನ್ನ ಬೇಡಿಕೆ.